ಕರೆಯುವವರು ಯಾರು?

ನಮ್ಮೂರಿನ ನಾಟಕದಲ್ಲಿ ಪಾತ್ರ ಕೇಳಲು ಹೋದರೆ ಹಾಡು ಬರುತ್ತದೆಯೇ, ಮಾತು ನೆನಪಿರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಜಂಬಣ್ಣ ಮಾಸ್ತರರು ನಿಮ್ಮನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, "ನಿನ್ನ ಕರಿಯಾವ್ರು ಯಾರು?" ಎನ್ನುತ್ತಾರೆ. ತಾಯಿ, ಹೆಂಡತಿ, ಅಕ್ಕ, ಹಳೆಯ ಗೆಳೆಯ, ಯಾರಾದರೂ ಸರಿ. ಕರೆಯುವವರಿಲ್ಲ ಎಂದರೆ ಪಾತ್ರವೂ ಇಲ್ಲ, ಮನೆಗೆ ಹೋಗಿ ಊಟ ಮಾಡಿ ಮಲಗಬಹುದು.

ಯಾಕೆಂದರೆ ನಮ್ಮೂರಿನಲ್ಲಿ ನಾಟಕಕ್ಕೆ ಹಚ್ಚಿದ ಬಣ್ಣ ನೀರಿಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ, ಸೀಗೆಕಾಯಿ, ಸೀಮೆಎಣ್ಣೆ, ಯಾವುದಕ್ಕೂ ಜಗ್ಗುವುದಿಲ್ಲ. ಆಟ ಮುಗಿದ ಮೇಲೆ ನಿಮ್ಮನ್ನು ಬಲ್ಲವರೊಬ್ಬರು ಎದುರಿಗೆ ನಿಂತು ನಿಮ್ಮ ಹೆಸರು ಹಿಡಿದು ಕರೆಯಬೇಕು. ಕರೆದರೆ ಸಾಕು, ಬಣ್ಣ ಒಣಹಿಟ್ಟಿನ ಹಾಗೆ ಉದುರುತ್ತದೆ, ಅಂಟಿಸಿದ ಮೀಸೆ ತಾನಾಗಿ ಕಳಚಿ ಬೀಳುತ್ತದೆ. ಮುಂದಿನ ಅಮಾವಾಸ್ಯೆಯ ಹೊತ್ತು ಮುಳುಗುವುದರೊಳಗೆ ಯಾರೂ ಕರೆಯದಿದ್ದರೆ ಆ ಮುಖವೇ ನಿಮ್ಮ ಮುಖ. ಇದೇಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಬೇರೆ ಊರುಗಳಲ್ಲಿ ಬಣ್ಣ ಸಾಬೂನಿಗೆ ಹೋಗುತ್ತದಂತೆ. ಅದು ಹೇಗೆ ಎಂದು ನಾನೇನು ನಿಮ್ಮನ್ನು ಕೇಳಿದ್ದೇನೆಯೇ?

ಸಂತೆ ಮೈದಾನದ ಮೂಲೆಯಲ್ಲಿ ಬಾಳೆಹಣ್ಣು ಮಾರುವ ಯಮಣ್ಣನನ್ನು ನೋಡಿ ಹೊಸಬರು ಹೌಹಾರುತ್ತಾರೆ. ಕಾಡಿಗೆ ಬಳಿದ ಮುಖ, ಕೆಂಪು ಕಣ್ಣಂಚು, ಕಿವಿಯವರೆಗೆ ತಿರುವಿದ ಮೀಸೆ, ಕೈಯಲ್ಲಿ ಏಲಕ್ಕಿ ಬಾಳೆಯ ಚಿಪ್ಪು. ನಾನು ಈ ಊರಿಗೆ ಸೊಸೆಯಾಗಿ ಬರುವ ಮೊದಲೇ ಯಾವುದೋ ಊರಿನ ನಾಟಕ ಕಂಪನಿಯವರ ಜೊತೆ ಬಂದು ಯಮನ ಪಾತ್ರ ಮಾಡಿದವನು. ತಂದೆ ತಾಯಿ ಯಾರೆಂದು ತಿಳಿಯದವನು, ಕಂಪನಿಯಲ್ಲಿ ಅವನನ್ನು "ಏ ಇವನ" ಎಂದಷ್ಟೇ ಕರೆಯುತ್ತಿದ್ದರಂತೆ, ಹೆಸರು ಅಂತ ಯಾರೂ ಇಟ್ಟಿರಲೇ ಇಲ್ಲ. ಹೀಗಾಗಿ ಯಮನಾಗಿಯೇ ಉಳಿದ. ಈಗ ಅವನ ಕೈಯಿಂದ ಹಣ್ಣು ತಿಂದರೆ ಆಯುಷ್ಯ ಗಟ್ಟಿ ಎಂದು ಬಾಣಂತಿಯರ ಮನೆಯವರೂ ಅವನ ಹತ್ತಿರವೇ ಕೊಳ್ಳುತ್ತಾರೆ. ಮಕ್ಕಳು ಅವನ ಮೀಸೆ ಹಿಡಿದು ಜಗ್ಗುತ್ತಾರೆ. ಊರು ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ.

ನಾನು ಗಿರಣಿಯವಳು. ಜೋಳ, ಗೋಧಿ, ಖಾರ ಬೀಸುವ ಗಿರಣಿ ನಮ್ಮದು. ನಾನು ಕಾಳು ಸುರಿದು ಹಿಟ್ಟು ಹಿಡಿಯುತ್ತೇನೆ, ನಮ್ಮವರು ಯಂತ್ರ ನೋಡಿಕೊಳ್ಳುತ್ತಾರೆ, ಸವೆದ ಕಲ್ಲಿಗೆ ಉಳಿ ಹಿಡಿದು ಹಲ್ಲು ಕೆತ್ತುತ್ತಾರೆ. ಗಿರಣಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಮದುವೆಯಾದ ಹೊಸದರಿಂದಲೂ ನಮ್ಮ ಸಂಸಾರ ಕೈಸನ್ನೆಯಲ್ಲೇ ನಡೆದಿದೆ. ಹೊಟ್ಟೆ ತಟ್ಟಿಕೊಂಡರೆ ಊಟ, ಮುಷ್ಟಿ ಬಿಗಿ ಹಿಡಿದರೆ ಗಿರಣಿ ನಿಲ್ಲಿಸು. ನನ್ನನ್ನು ಕರೆಯಬೇಕಾದರೆ ಹಿಟ್ಟಿನ ಡಬ್ಬಿಯ ಮೇಲೆ ಉಳಿಯಿಂದ ಠಣ್ ಠಣ್ ಎಂದು ಬಡಿಯುತ್ತಾರೆ. ಗಿರಣಿ ನಿಂತ ಮೇಲೂ ಅವರಿಗೆ ಅದೇ ರೂಢಿ. ಮನೆಯಲ್ಲಿ ತಟ್ಟೆ ಬಡಿಯುತ್ತಾರೆ. ಊಟಕ್ಕೆ ಕೂತಾಗಲಷ್ಟೇ ಒಂದಿಷ್ಟು ಬಾಯಿ ಬಿಡುವುದು, ಅದೂ "ಉಪ್ಪು", "ನೀರು", "ಸಾಕು" ಎನ್ನಲು. ಒಂದು ರೊಟ್ಟಿ ಹಾಕಿ ಎರಡನೆಯದು ಎತ್ತುವುದರೊಳಗೆ ಸಾಕು ಎನ್ನುವ ಆಸಾಮಿ. ಗಿರಣಿಯವರ ಮನೆಯಲ್ಲಿ ಹಿಟ್ಟಿಗೆ ಬರವೇ ಎಂದು ನಾನು ಎಷ್ಟು ಬೈದರೂ ಅಷ್ಟೇ. ಗಾಳಿ ಬಂದರೆ ಹಾರಿಹೋಗುವಂತಿದ್ದಾರೆ, ನನ್ನ ಕೈಯಡುಗೆಗೆ ಕೆಟ್ಟ ಹೆಸರು.

ನಮ್ಮ ಗಿರಣಿಯ ಗೋಡೆಗೆ ಅಂಟಿಕೊಂಡೇ ಹಳೆಯ ಹತ್ತಿ ಗೋದಾಮಿದೆ. ಜಂಬಣ್ಣ ಮಾಸ್ತರರ ನಾಟಕದ ತಾಲೀಮು ನಡೆಯುವುದು ಅಲ್ಲಿ. ಸಂಜೆ ಗಿರಣಿ ನಿಂತ ಮೇಲೆ ನಾನು ಕಿಟಕಿಯ ಬಳಿ ಕೂತು ಜರಡಿ ಹಿಡಿಯುತ್ತ ಅವರ ಆಟ ನೋಡುತ್ತಿದ್ದೆ. ಮಾಸ್ತರರು ಶಾಲೆಯಲ್ಲಿ ಕವಾಯತು ಕಲಿಸಿ ನಿವೃತ್ತರಾದವರು, ಕೊರಳಿನ ಸೀಟಿ ಮಾತ್ರ ನಿವೃತ್ತವಾಗಿರಲಿಲ್ಲ. ಒಂದು ಸೀಟಿಗೆ ರಾಣಿ ಬರಬೇಕು, ಎರಡು ಸೀಟಿಗೆ ಅಳಬೇಕು, ಉದ್ದನೆಯ ಸೀಟಿಗೆ ಎಲ್ಲರೂ ಎಡಕ್ಕೆ ತಿರುಗಿ ಹೊರಡಬೇಕು. ಆ ಸಲದ ನಾಟಕದಲ್ಲಿ ಒಬ್ಬ ರಾಜ ಯಾರದೋ ಚಾಡಿ ಕೇಳಿ ರಾಣಿಯನ್ನು ಕಾಡಿಗೆ ಅಟ್ಟಲು ಹೊರಡುತ್ತಾನೆ, ಸೇನಾಪತಿ ಕುಮ್ಮಕ್ಕು ಕೊಡುತ್ತಾನೆ, ಮಂತ್ರಿ ತಡೆಯುತ್ತಾನೆ. ಇಷ್ಟೇ ಕಥೆ.

ರಾಜ ನಮ್ಮೂರ ಬಸ್ಸಿನ ಕಂಡಕ್ಟರ್ ರುದ್ರಮುನಿ. ಎತ್ತರದ ಆಳು, ಒಳ್ಳೆಯ ಕಂಠ. ಆದರೆ ಸಿಂಹಾಸನದ ಮುಂದೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ, ಇಲ್ಲದ ಕಂಬಕ್ಕೆ ಭುಜ ಆನಿಸಿ ಅಲ್ಲಾಡುತ್ತ ನಿಲ್ಲುತ್ತಿದ್ದ. ಸಭೆಯವರು ಗುಂಪಾಗಿ ಬಂದರೆ "ಮುಂದಕ್ಕ ಸರೀರಿ, ಒಳಗ ಜಾಗಾ ಐತಿ" ಎಂಬ ಮಾತು ಅವನಿಗೆ ತಿಳಿಯದಂತೆಯೇ ಬಂದುಬಿಡುತ್ತಿತ್ತು. ಸೈನ್ಯಕ್ಕೆ ಹೊರಡಲು ಅಪ್ಪಣೆ ಕೊಡುವಾಗ ಸಿಂಹಾಸನದ ತೋಳಿಗೆ ಎರಡು ಸಲ ಬಡಿದು "ರೈಟ್" ಎನ್ನುತ್ತಿದ್ದ. ಅವನನ್ನು ಕರೆಯುವವಳು ಅವನ ತಾಯಿ. ಆಕೆ ಅಂಗಳದಲ್ಲಿ ನಿಂತು ಮಗನನ್ನು ಕರೆದರೆ ಬಸ್ ನಿಲ್ದಾಣದಲ್ಲಿ ಬಸ್ಸೇ ನಿಲ್ಲುತ್ತದೆ.

ರಾಣಿ ಫರ್ಜಾನಾ, ಬಜಾರದಲ್ಲಿ ಜಂಪರು ಹೊಲಿಯುವವಳು. ಊರಿನ ಹೆಂಗಸರ ಅಳತೆಯೆಲ್ಲ ಅವಳ ಕಣ್ಣಲ್ಲಿದೆ, ನೀವು ಎದುರಿಗೆ ಬಂದರೆ ಎಷ್ಟು ದಪ್ಪವಾಗಿದ್ದೀರಿ ಎಂದು ಮುಖದ ಮೇಲೇ ಹೇಳುತ್ತಾಳೆ. ರಾಜನ ಕಾಲು ಹಿಡಿದು ಅಳುವ ದೃಶ್ಯದಲ್ಲಿ ಅವನ ನಿಲುವಂಗಿಯ ಅಂಚು ಬಿಚ್ಚಿದ್ದು ಕಂಡು, ಅಳುತ್ತಲೇ ಸೆರಗಿನ ಸೂಜಿ ತೆಗೆದು ಹೊಲಿದು ಎದ್ದಳು. ಅವಳನ್ನು ಕರೆಯುವವಳು ತಂಗಿ. ಸೇನಾಪತಿ ಬೇಕರಿಯ ಡೇವಿಡಣ್ಣ. ಕೋಳಿ ಕೂಗುವ ಮೊದಲೇ ಎದ್ದು ಬ್ರೆಡ್ಡು ಸುಡುವ ಮನುಷ್ಯ, ಸಂಜೆಯ ತಾಲೀಮಿಗೆ ಬರುವಾಗ ಕಣ್ಣು ಅರ್ಧ ಮುಚ್ಚಿರುತ್ತಿದ್ದವು. ಜನ್ಮದಲ್ಲಿ ಯಾರಿಗೂ ಗದರಿದವನಲ್ಲ. "ನಿನ್ನ ತಲೆ ಕಡಿದು ಕೋಟೆಯ ಬಾಗಿಲಿಗೆ ಕಟ್ಟುತ್ತೇನೆ" ಎಂಬ ಮಾತನ್ನು ಇನ್ನೊಂದು ಬನ್ನು ತಗೊಳ್ಳಿ ಎನ್ನುವ ದನಿಯಲ್ಲಿ ಹೇಳುತ್ತಿದ್ದ. ಅವನನ್ನು ಕರೆಯುವವಳು ಹೆಂಡತಿ ಗ್ರೇಸಿ.

ಮಂತ್ರಿ ದನದ ಆಸ್ಪತ್ರೆಯ ಕಂಪೌಂಡರ್ ನಿಂಗೋಜಿ. ಅವನನ್ನು ಕರೆಯಬೇಕಾದವನು ಅವನ ಅಣ್ಣ. ನಾಟಕ ಇನ್ನೇನು ಬಂತು ಎನ್ನುವಾಗ ಅಣ್ಣತಮ್ಮಂದಿರು ನಡುಗೋಡೆಯ ವಿಷಯಕ್ಕೆ ಜಗಳವಾಡಿದರು. "ಅವನ ಹೆಸರು ನನ್ನ ಬಾಯಾಗ ಇನ್ನ ಬರೂದಿಲ್ಲ" ಎಂದು ಅಣ್ಣ ಹೇಳಿ ಕಳಿಸಿದ. ನಿಂಗೋಜಿ ಅಂಜಿ ಪಾತ್ರ ಬಿಟ್ಟ. ಗೋದಾಮಿನಲ್ಲಿ ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ಕಿಟಕಿಯ ಈಚೆಯಿಂದ, ಜರಡಿ ಹಿಡಿಯುತ್ತ, ಮಂತ್ರಿಯ ಮುಂದಿನ ಮಾತು ನನ್ನ ಬಾಯಿಂದ ಬಂದುಬಿಟ್ಟಿತು: "ಮಹಾಪ್ರಭು, ಕೋಪಕ್ಕೆ ಕಿವಿಯಿಲ್ಲ, ಆದರೆ ತಮಗಿದೆ." ದಿನವೂ ಕೇಳಿ ಕೇಳಿ ನಾಟಕ ಪೂರ್ತಿ ನನಗೆ ಬಾಯಿಪಾಠವಾಗಿತ್ತು.

ಮಾಸ್ತರರು ಕಿಟಕಿಯ ಬಳಿ ಬಂದರು. "ಗಿರಣಿ ಅಕ್ಕಾರ, ಮೀಸಿ ಹಚ್ಚಿದ್ರ ಮಂತ್ರಿ ಆಗ್ತೀರಿ. ನಿಮ್ಮನ್ನ ಕರಿಯಾವ್ರು ಯಾರು?"

"ಮನಿಯವರು ಅದಾರಲ್ರಿ" ಎಂದೆ.

ಒಳಗೆ ಎಲ್ಲರೂ ನಕ್ಕರು. ರುದ್ರಮುನಿ, "ಅವರು ಡಬ್ಬಿ ಬಡೀತಾರ ಅಕ್ಕಾರ, ಅದಕ್ಕ ಬಣ್ಣ ಹೋಗೂದಿಲ್ಲ" ಎಂದ. ನನಗೆ ರೋಷ ಬಂತು. ನಮ್ಮವರನ್ನು ನಾನು ಏನಾದರೂ ಅನ್ನಬಹುದು, ಊರಿನವರು ಅನ್ನಬಾರದು. ಮನೆಗೆ ಹೋಗಿ ಕೇಳಿದೆ. ಅವರು ರೊಟ್ಟಿಯನ್ನೇ ನೋಡುತ್ತ, "ಯಾವ ಹೆಸರಲೆ ಕರೀಬೇಕು?" ಎಂದರು. "ವಸುಂಧರಾ ಅಂತ. ನೀವ ಇಟ್ಟದ್ದಲ್ಲ?" ಎಂದೆ. ಆಯಿತು ಎಂದು ತಲೆಯಾಡಿಸಿದರು.

ಈ ಪ್ರಶ್ನೆ ಅವರು ಯಾಕೆ ಕೇಳಿದರು ಎಂದು ನಾನು ಆಗ ಯೋಚಿಸಲಿಲ್ಲ. ನಮ್ಮ ಕಡೆ ಮದುವೆಯ ದಿನ ಗಂಡ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ನನಗೆ ಬರೆದದ್ದು ವಸುಂಧರಾ. ಆ ಅಕ್ಷರ ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಮದುಮಗಳು ಅನ್ನುವುದನ್ನೂ ಮರೆತು ಹಲ್ಲು ಕಾಣುವಂತೆ ನಕ್ಕುಬಿಟ್ಟೆ. ಆಮೇಲೆ ಆ ಹೆಸರನ್ನು ಯಾರೂ ಕರೆಯಲಿಲ್ಲ. ಅತ್ತೆಗೆ ನಾನು "ಏ ಹುಡಿಗಿ", ಮದುವೆಯಾಗಿ ಹೋದ ಮಗಳಿಗೆ ಅವ್ವ, ಊರಿಗೆ ಗಿರಣಿ ಅಕ್ಕ, ನಮ್ಮವರಿಗೆ ಠಣ್ ಠಣ್. ಹೆಸರು ಹಬ್ಬದ ಸೀರೆಯ ಹಾಗೆ ಪೆಟ್ಟಿಗೆಯೊಳಗೇ ಇತ್ತು. ಇದ್ದರೆ ಇರಲಿ, ಇದೆಯಲ್ಲ ಎಂಬ ಸಮಾಧಾನ ನನ್ನದು.

ನಮ್ಮೂರ ನಾಟಕ ಮಧ್ಯಾಹ್ನ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ, ಕರೆಯುವವರಿಗೆ ಮುಖ ಕಾಣಬೇಕಲ್ಲ. ಗೋದಾಮಿನಲ್ಲೇ ನಡೆದ ಆ ದಿನದ ಆಟ ಗೆದ್ದಿತು. ರಾಜ "ರೈಟ್" ಎಂದಾಗ ಜನ ಸೀಟಿ ಹೊಡೆದರು, ಸೇನಾಪತಿ ತಲೆ ಕಡಿಯುತ್ತೇನೆಂದಾಗ ಹೆಂಗಸರು ಅವನ ಮರ್ಯಾದೆಗೆ ಮೆಚ್ಚಿದರು. ನಾನು ಗಿರಣಿಯ ಸದ್ದಿನ ಮೇಲೆ ಕೂಗಿ ರೂಢಿಯಾದವಳು, ಮಂತ್ರಿಯ ಮಾತು ಸಂತೆ ಮೈದಾನದ ಆಚೆಯವರೆಗೆ ಕೇಳಿತಂತೆ. ನನ್ನ ಜೀವನದಲ್ಲಿ ಅಷ್ಟು ಜನ ನಾನು ಹೇಳಿದ್ದನ್ನು ಅಷ್ಟು ಹೊತ್ತು ಸುಮ್ಮನೆ ಕೂತು ಕೇಳಿದ್ದು ಅದೇ ಮೊದಲು.

ಪರದೆ ಬಿದ್ದ ಮೇಲೆ ನಾವು ಸಾಲಾಗಿ ನಿಂತೆವು. ರುದ್ರಮುನಿಯ ತಾಯಿ ಬಾಗಿಲಿನಿಂದಲೇ ಕರೆದಳು, ಬಣ್ಣದ ಜೊತೆ ಅವನ ಕಿರೀಟವೂ ಉರುಳಿತು. ತಂಗಿ ಕರೆದಾಗ ಫರ್ಜಾನಾ ಮುಖ ಒರೆಸಿಕೊಂಡು, "ನಿನ್ನ ಸಲ್ವಾರ್ ಉದ್ದ ಆಗೇತಿ" ಎಂದಳು. ಗ್ರೇಸಿ "ಡೇವಿಡ್, ಮಲಕ್ಕೊಳ್ಳೂಣು ನಡೀರಿ" ಎಂದಳು. ಕೊನೆಗೆ ನಮ್ಮವರು ಬಂದು ನನ್ನ ಎದುರು ನಿಂತರು. ಊರೆಲ್ಲ ಸುತ್ತ ನೆರೆದಿತ್ತು. ಅವರು ಗಂಟಲು ಸರಿಮಾಡಿಕೊಂಡು "ವಸುಂಧರಾ" ಎಂದರು.

ಏನೂ ಆಗಲಿಲ್ಲ. "ಸ್ವಲ್ಪ ಜೋರಾಗಿ" ಎಂದರು ಮಾಸ್ತರರು. ಜೋರಾಗಿ ಕರೆದರು. ಮಾಸ್ತರರು ಸೀಟಿ ಊದಿ ಊರಿನವರೆಲ್ಲರ ಕೈಯಲ್ಲಿ ಒಟ್ಟಾಗಿ ಕರೆಸಿದರು. ಗೋದಾಮಿನ ಪಾರಿವಾಳಗಳು ಹಾರಿದವು, ನನ್ನ ಮೀಸೆಯ ಒಂದು ಕೂದಲೂ ಅಲುಗಲಿಲ್ಲ. ನಮ್ಮವರು ನನ್ನ ಮುಖವನ್ನೇ ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದು, ಸುತ್ತ ಜನರನ್ನು ನೋಡಿ, ಮುಚ್ಚಿಕೊಂಡರು.

ನನಗೆ ಆಗಲೇ ಗೊತ್ತಾಯಿತು. ಈ ಹಾಳು ಬಣ್ಣಕ್ಕೆ ಬೇಕಾಗಿರುವುದು ಅಕ್ಕಿಯ ಮೇಲಿನ ಹೆಸರಲ್ಲ, ತೊಟ್ಟಿಲಿನ ಹೆಸರು. ನಾನು ನನ್ನ ತಂದೆಯ ಐದನೆಯ ಮಗಳು. ನಾಲ್ಕು ಹೆಣ್ಣುಗಳ ಮೇಲೆ ಗಂಡು ಬೇಕೆಂದು ಕಾದವರಿಗೆ ನಾನು ಬಂದೆ. ತೊಟ್ಟಿಲ ಹತ್ತಿರವೂ ಬರದೆ ನಮ್ಮಪ್ಪ ಕಟ್ಟೆಯ ಮೇಲೆ ಕೂತೇ ಇಟ್ಟ ಹೆಸರು ಸಾಕವ್ವ. ಮನೆಯಲ್ಲಿ ಬರೀ ಸಾಕು. ಶಾಲೆಯಲ್ಲಿ ಹಾಜರಿ ಕೂಗಿದಾಗ ಹುಡುಗರು ನಗುತ್ತಿದ್ದರು, ಗುರುಗಳು ನಗು ತಡೆಯಲು ಕೆಮ್ಮುತ್ತಿದ್ದರು. ಹುಟ್ಟಿದ್ದೇ ಹೆಚ್ಚಾಯಿತು ಎಂಬ ಮಾತನ್ನು ದಿನವೂ ಯಾರಾದರೂ ನಿಮ್ಮನ್ನು ನೋಡಿ ಕೂಗಿದರೆ ಹೇಗಿರುತ್ತದೆ? ಈ ಊರಿಗೆ ಬರುವಾಗ ಅದನ್ನು ತವರಿನಲ್ಲೇ ಬಿಟ್ಟು ಬಂದಿದ್ದೆ. ಯಾರಿಗೂ ಹೇಳಿರಲಿಲ್ಲ. ಅಪ್ಪ ಅವ್ವ ಹೋದರು, ಅಕ್ಕಂದಿರು ದೂರದ ಊರುಗಳಲ್ಲಿ. ಫರ್ಜಾನಾಳ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಆವತ್ತೇ ಮುಗಿಯುತ್ತಿತ್ತು. ಆದರೆ ಊರಿನವರ ಎದುರು ಸಾಕು ಎಂದು ಕರೆಸಿಕೊಳ್ಳುವುದಕ್ಕಿಂತ ಮೀಸೆ ಹೊತ್ತು ತಿರುಗುವುದು ವಾಸಿ ಎಂದು ನನ್ನ ಹಟ.

ಮೀಸೆಯ ಬಾಳು ಮೊದಮೊದಲು ಚೆನ್ನಾಗಿಯೇ ಇತ್ತು, ಯಾಕೆ ಸುಳ್ಳು ಹೇಳಲಿ. ಮೀಸೆಗೆ ಸೀರೆ ಒಪ್ಪುವುದಿಲ್ಲವೆಂದು ಮಂತ್ರಿಯ ಧೋತರ, ಅಂಗಿಯಲ್ಲೇ ಮಾರನೆಯ ದಿನ ಗಿರಣಿಗೆ ಹೋದರೆ ಜೋಳ ತಂದವರು ಎದ್ದು ನಿಂತರು. ಅತ್ತೆ ನನಗೆ ಮೊದಲ ಸಲ ಕುರ್ಚಿ ಕೊಟ್ಟರು. ಆಮೇಲೆ ಜನ ನ್ಯಾಯ ಕೇಳಿಕೊಂಡು ಬರತೊಡಗಿದರು. ಒಬ್ಬರ ಹಿತ್ತಲಿನ ನುಗ್ಗೆಯ ಕೊಂಬೆ ಪಕ್ಕದವರ ಅಂಗಳಕ್ಕೆ ಬಾಗಿತ್ತು, ಕಾಯಿ ಯಾರದೆಂದು ಜಗಳ. "ಉದುರಿದ ಎಲೆಯನ್ನು ಗುಡಿಸುವವರಿಗೇ ಕಾಯಿ ಸಲ್ಲತಕ್ಕದ್ದು" ಎಂದೆ. ಎಲ್ಲರೂ ಭೇಷ್ ಎಂದರು. ಇದೇ ಮಾತನ್ನು ನಾನು ಹಿಂದೊಮ್ಮೆ ಹಿಟ್ಟು ತೂಗುವಾಗ ಹೇಳಿದ್ದೆ, ಆಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಿಂಗೋಜಿಯೂ ಅವನ ಅಣ್ಣನೂ ಗೋಡೆಯ ತಕರಾರು ತಂದರು. ದಿನಕ್ಕೊಮ್ಮೆ ಗೋಡೆಯ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯತಕ್ಕದ್ದು, ಕೇಳಿಸದಿದ್ದರೆ ಗೋಡೆಯನ್ನು ಅಷ್ಟಷ್ಟೇ ಇಳಿಸತಕ್ಕದ್ದು ಎಂದೆ. ಈಗ ಆ ಗೋಡೆ ಮೊಣಕಾಲಿನಷ್ಟಿದೆ, ಸಂಜೆ ಇಬ್ಬರೂ ಅದರ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾರೆ.

ಕಷ್ಟವೆಂದರೆ ಬಣ್ಣ ಒಳಗೂ ಇಳಿಯುತ್ತದೆ. ಮಾತು ನಿಧಾನವಾಗಿ ಪಾತ್ರದ ಮಾತಾಗುತ್ತದೆ. ಒಂದು ಬೆಳಿಗ್ಗೆ ಅತ್ತೆಗೆ "ಮಾತೆಯೇ, ತಮ್ಮ ಮಂಡಿನೋವು ಕ್ಷೇಮವೇ?" ಎಂದುಬಿಟ್ಟೆ. ಅವರು ಗಾಬರಿಯಾಗಿ ದೇವರಿಗೆ ಒಂದು ತೆಂಗಿನಕಾಯಿ ಹೆಚ್ಚಿಗೆ ಒಡೆಸಿದರು. ಅದಲ್ಲದೆ ಬಣ್ಣದ ಮುಖ ಒಲೆಯ ಮುಂದೆ ಬರಬಾರದೆಂದು ಅವರ ಕಟ್ಟಪ್ಪಣೆ. ನನಗೆ ಊಟ ಪಡಸಾಲೆಗೇ ಬರುತ್ತಿತ್ತು, ಒಳಗೆ ರೊಟ್ಟಿ ತಟ್ಟುವುದೂ ಅವರೇ, ಮಗನಿಗೆ ಬಡಿಸುವುದೂ ಅವರೇ.

ಇದು ನಮ್ಮವರಿಗೆ ಸರಿಹೋಗಲಿಲ್ಲ. ಸಂಜೆ ಗಿರಣಿ ನಿಂತ ಮೇಲೆ ನನ್ನ ಹತ್ತಿರ ಬಂದು, "ಊಟಕ್ಕ ನೀ ಬಡಸಿದ್ರ ಚೊಲೊ ಇತ್ತು" ಎನ್ನುತ್ತಿದ್ದರು. ಅತ್ತೆ ಬೇಡವೆಂದಿದ್ದಾರಲ್ಲ ಎಂದರೆ ಉಳಿ ಎತ್ತಿಕೊಂಡು ಹೋಗುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ: "ಒಂದ ಸಲ ನೀ ಬಡಸು." ನನಗೆ ಮೈ ಉರಿಯುತ್ತಿತ್ತು. ಹೆಂಡತಿಯ ಮುಖ ಹೋಗುತ್ತಿದೆ, ಈ ಮನುಷ್ಯನಿಗೆ ತಟ್ಟೆಯ ಚಿಂತೆ. ಒಂದು ರೊಟ್ಟಿ ತಿನ್ನುವವರಿಗೆ ಯಾರು ಬಡಿಸಿದರೇನು?

ನಾಟಕದವರು ಮಾತ್ರ ನನ್ನನ್ನು ಬಿಡಲಿಲ್ಲ. ಮನೆಯವರು ಕರೆದ ಹೆಸರು ನಾಟದಿದ್ದರೆ ಬೇರೆ ಯಾವುದೋ ಹೆಸರಿರಬೇಕು ಎಂದು ಅವರೇ ಊಹಿಸಿದ್ದರು. ರುದ್ರಮುನಿ ತನ್ನ ಬಸ್ಸಿನಲ್ಲಿ ಹತ್ತಿಳಿಯುವ ಹೆಂಗಸರನ್ನೆಲ್ಲ ಹೆಸರು ಕೇಳಿ ಬಂದು, ಊರುಗಳನ್ನು ಕೂಗುವ ಧಾಟಿಯಲ್ಲಿ ನನ್ನ ಮುಂದೆ ಕೂಗುತ್ತಿದ್ದ: "ನೀಲವ್ವ, ಶಾಂತವ್ವ, ಗಂಗವ್ವ, ಇಳಿಯಾವ್ರು ಯಾರ ಅದೀರಿ." ಡೇವಿಡಣ್ಣ ದಿನಕ್ಕೊಂದು ಹೆಸರನ್ನು ಕೇಕಿನ ಮೇಲೆ ಕೆನೆಯಲ್ಲಿ ಬರೆದು ತಂದು ಓದುತ್ತಿದ್ದ. ಹೆಸರು ತಾಗಲಿಲ್ಲ, ಕೇಕು ಮಾತ್ರ ತಾಗಿತು. ಮಂತ್ರಿಯ ಅಂಗಿಯನ್ನು ಫರ್ಜಾನಾ ಎರಡು ಸಲ ಸಡಿಲ ಮಾಡಿಕೊಟ್ಟಳು.

ಅಮಾವಾಸ್ಯೆಯ ಹಿಂದಿನ ದಿನ ಸಂತೆಯಲ್ಲಿ ಯಮಣ್ಣ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಒಂದು ಹಣ್ಣು ಕೊಟ್ಟ. "ಅಕ್ಕಾರ, ಮೀಸಿ ಭಾರ ಅಲ್ಲ. ರೂಢಿ ಆಗ್ತೈತಿ. ಜನಾನೂ ಚೊಲೊ ನೋಡ್ಕೋತಾರ" ಎಂದ. ಸಿಪ್ಪೆ ಸುಲಿದುಕೊಟ್ಟು, ಮುಂದೆ ಹೇಳಿದ: "ಖರೆ, ಸಂತ್ಯಾಗ ಯಾರರ ಯಾರನ್ನರ ಹೆಸರ ಹಿಡಿದು ಕರದ್ರ, ಅಷ್ಟೂ ಮಂದಿ ಹೊಳ್ಳಿ ನೋಡ್ತಾರ, ನನ್ನನ್ನೋ ಏನೋ ಅಂತ. ನಾ ಒಬ್ಬನ ನೋಡೂದಿಲ್ಲ. ನನಗ ಗೊತ್ತೈತಿ ಅದು ನನ್ನ ಅಲ್ಲಂತ." ಕೆಂಪು ಕಣ್ಣಂಚಿನಲ್ಲಿ ನಗುತ್ತಲೇ ಹೇಳಿದ. ನನಗೆ ಬಹಳ ಅಳು ಬಂತು, ಮಂತ್ರಿಗಳು ಸಂತೆಯಲ್ಲಿ ಅಳಬಾರದು ಎಂದು ತಡೆದುಕೊಂಡೆ.

ಅಮಾವಾಸ್ಯೆಯ ಇಳಿಹೊತ್ತಿನಲ್ಲಿ ಗಿರಣಿ ನಿಂತ ಮೇಲೆ ಫರ್ಜಾನಾ ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ತವರಮನ್ಯಾಗ ನಿಮಗ ಏನ್ ಕರೀತಿದ್ರು? ನನ್ನ ಒಬ್ಬಾಕಿಗೆ ಹೇಳ್ರಿ. ಬಾಗಲಾ ಹಾಕ್ಕೊಂಡು ಸಣ್ಣ ದನ್ಯಾಗ ಕರೀತೀನಿ." ನನ್ನ ತುಟಿಯವರೆಗೆ ಬಂತು. ಅಷ್ಟರಲ್ಲಿ ನನ್ನ ತಲೆಯೊಳಗೆ ಶಾಲೆಯ ಹುಡುಗರು ನಕ್ಕರು. "ಸ್ಮರಣೆಯಲ್ಲಿಲ್ಲ, ಮಹಾರಾಣಿ" ಎಂದೆ. ಅವಳು ಕಣ್ಣೊರೆಸಿಕೊಂಡು ಎದ್ದುಹೋದಳು. ನಾನು ಜರಡಿ ಕೆಳಗಿಟ್ಟು ಮನೆಗೆ ಹೋದೆ. ಇನ್ನು ಹೊತ್ತು ಮುಳುಗಿದರೆ ಮುಗಿಯಿತು, ಮಂತ್ರಿಯಾಗಿ ಕುರ್ಚಿಯಲ್ಲಿ ಕೂತಿರುವುದು ಅಷ್ಟೇ.

ಅತ್ತೆ ಗುಡಿಗೆ ಹೋಗಿದ್ದರು, ಕೊನೆಯ ಪ್ರಯತ್ನವೆಂದು ದೇವರ ಕೈಕಾಲು ಹಿಡಿಯಲು. ರೊಟ್ಟಿ ಮಾಡಿ ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದರು. ನಮ್ಮವರು ನನ್ನ ಹಿಂದೆಯೇ ಬಂದು ಕೈಕಾಲು ತೊಳೆದು, ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಂಡು ಕೂತರು. ಉಣ್ಣಲಿಲ್ಲ. ತಟ್ಟೆ ಬಡಿದರು, ಠಣ್ ಠಣ್. "ಬಾ, ಬಡಸು" ಎಂದರು.

ನನ್ನ ಸಹನೆ ಮುಗಿಯಿತು. ಒಲೆ ಮೈಲಿಗೆಯಾದರೆ ಆಗಲಿ ಎಂದು ಧೋತರ ಎತ್ತಿ ಕಟ್ಟಿ ಒಳಗೆ ನುಗ್ಗಿದೆ. "ಎಲೈ ಪತಿಯೇ, ಹೊತ್ತು ಮುಳುಗುತ್ತಿದೆ, ನಿನಗೆ ಉದರದ ಚಿಂತೆ" ಎಂದು ಗುಡುಗಿ ಬುಟ್ಟಿ ಎತ್ತಿಕೊಂಡೆ. ಒಂದು ರೊಟ್ಟಿಯನ್ನು ತಟ್ಟೆಗೆ ಸಪ್ಪಳವಾಗುವಂತೆ ಒಗೆದೆ. ಬದನೆಕಾಯಿ ಎಣ್ಣೆಗಾಯಿ ಹಾಕಿದೆ. ಎರಡನೆಯ ರೊಟ್ಟಿ ಎತ್ತಿದೆ.

ಅವರು ತಟ್ಟೆಯನ್ನು ನೋಡಲಿಲ್ಲ. ನನ್ನನ್ನು ನೋಡಿದರು. "ಸಾಕು" ಎಂದರು.

ರೂಢಿಯಂತೆ ನನ್ನ ಕೈ ರೊಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಹೊತ್ತಿಗೆ ಮೂಗಿನ ಕೆಳಗೆ ತಣ್ಣಗಾಯಿತು. ಮೀಸೆ ಕಳಚಿ ಮಜ್ಜಿಗೆಯ ಬಟ್ಟಲಿಗೆ ಬಿತ್ತು. ಕೆನ್ನೆಯ ಬಣ್ಣ ಹಿಟ್ಟಿನ ಹಾಗೆ ರೊಟ್ಟಿಯ ಬುಟ್ಟಿಯ ಮೇಲೆಲ್ಲ ಉದುರಿತು. ನಾನು ಮುಖ ಮುಟ್ಟಿಕೊಂಡೆ. ನನ್ನದೇ ಮುಖ, ಎಡಗೆನ್ನೆಯ ಮೇಲಿನ ನರಹುಲಿಯ ಸಮೇತ.

ಅವರು ಬಟ್ಟಲಿನಿಂದ ಮೀಸೆಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. "ಆ ರೊಟ್ಟಿ ಯಾಕ ಹಿಂದಕ ತಗೊಂಡಿ? ಹಾಕ" ಎಂದರು.

"ಸಾಕು ಅಂದ್ರಲ್ಲ."

"ಊಟ ಸಾಕು ಅನ್ಲಿಲ್ಲ. ನಿನ್ನ ಕರದೆ."

ನಾನು ಅಲ್ಲೇ ಕೂತುಬಿಟ್ಟೆ. ಈ ಹೆಸರು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಅವರು ಹೇಳಿದರು. ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಅದರ ಹಿಂದೆಯೂ ಕೇಳಿಲ್ಲ, ಮುಂದೆಯೂ ಕೇಳಿಲ್ಲ. "ನಿನ್ನ ನೋಡಾಕ ನಿಮ್ಮ ಮನಿಗೆ ಬಂದಾಗ ನಿಮ್ಮಪ್ಪಾರು ಒಳಗಿಂದ ನಿನ್ನ ಕರದ್ರು, ಸಾಕು, ನೀರ ತಗೊಂಡ ಬಾ ಅಂತ. ನೀ ಬಂದಿ. ತಂಬಗಿ ಇಟ್ಟು ಹೋದಿ. ಆವಾಗ ನಮ್ಮವ್ವಗ ನಾನೂ ಅದನ್ನ ಅಂದೆ. ಸಾಕು, ಇನ್ನ ಬ್ಯಾರೆ ಕಡೆ ಕನ್ಯಾ ನೋಡೂದು ಬ್ಯಾಡ ಅಂತ. ಆದ್ರ ಲಗ್ನದಾಗ ಹೊಸಾ ಹೆಸರ ನೋಡಿ ನೀ ನಕ್ಕದ್ದು ನೋಡಿ ಗೊತ್ತಾತು, ನಿನಗ ಹಳೇದು ಸೇರೂದಿಲ್ಲ ಅಂತ. ನನಗ ಭಾಳ ಸೇರಿತ್ತು. ಅದಕ್ಕ ಬಡಸುವಾಗ ಅಷ್ಟ ಕರಿತಿದ್ದೆ. ಯಾರಿಗೂ ಗೊತ್ತಾಗ್ತಿದ್ದಿಲ್ಲ."

"ನನಗೂ ಗೊತ್ತಾಗಲಿಲ್ಲಲ್ರಿ" ಎಂದೆ.

"ಹೌದು. ನೀ ರೊಟ್ಟಿ ತಗೊಂಡ ಹೋಗ್ತಿದ್ದಿ."

ನನಗೆ ಒಮ್ಮೆಲೇ ನಗುವೂ ಬಂತು, ಅಳುವೂ ಬಂತು. ಮದುವೆಯಾದಂದಿನಿಂದ ಈ ಮನುಷ್ಯ ದಿನಕ್ಕೆರಡು ಸಲ ನನ್ನನ್ನು ಹೆಸರು ಹಿಡಿದು ಕರೆದಿದ್ದಾರೆ, ನಾನು ದಿನಕ್ಕೆರಡು ಸಲ ಅವರನ್ನು ಅರೆಹೊಟ್ಟೆಯಲ್ಲಿ ಎಬ್ಬಿಸಿದ್ದೇನೆ. ಗಾಳಿಗೆ ಹಾರುವಂತೆ ಆದದ್ದರಲ್ಲಿ ಆಶ್ಚರ್ಯವೇನಿದೆ? ನನ್ನ ಜೀವ ಆ ಹೊತ್ತಿನಲ್ಲಿ ಅವರ ಮೇಲೆ ಎಷ್ಟು ಹೋಯಿತೆಂದರೆ ಹೇಳಲು ಬರುವುದಿಲ್ಲ. ಸೆರಗಿಲ್ಲದ್ದರಿಂದ ಮಂತ್ರಿಯ ಶಲ್ಯದಲ್ಲೇ ಮೂಗು ಒರೆಸಿಕೊಂಡೆ.

ಹೊರಗೆ ರುದ್ರಮುನಿ ಇನ್ನೂ ಹೆಸರುಗಳನ್ನು ಕೂಗುತ್ತ ಬರುತ್ತಿದ್ದ, ಡೇವಿಡಣ್ಣ ಆ ದಿನದ ಕೇಕು ಹಿಡಿದು ಕಟ್ಟೆ ಹತ್ತುತ್ತಿದ್ದ, ಮಾಸ್ತರರ ಸೀಟಿಯೂ ಕೇಳುತ್ತಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಅವರಿಗೆಲ್ಲ ಹೆಸರು ಹೇಳಬೇಕಾಗುತ್ತದೆ, ನಗುವವರು ನಗುತ್ತಾರೆ. ನಗಲಿ. ಮೊದಲು ಇವರ ಊಟವಾಗಲಿ ಎಂದು ನಾನು ಬುಟ್ಟಿಯ ಮೇಲಿನ ಬಣ್ಣ ಕೊಡವಿ, ಮುಚ್ಚಿದ ಬಟ್ಟೆ ತೆಗೆದು, ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತ ಹೋದೆ. ಅವರು ತಲೆ ಎತ್ತದೆ ತಿಂದರು. ಬುಟ್ಟಿಯ ತಳ ಕಂಡಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕು" ಎಂದರು.

ಊಟಕ್ಕೆ ಅಂದರೋ ನನಗೆ ಅಂದರೋ ತಿಳಿಯಲಿಲ್ಲ. "ಓ" ಎಂದೆ.